ಕಾಣದ ಚುಕ್ಕಿಗೆ ಗುಂಡಿ ಒತ್ತಬೇಡಿ

ಬೆಳಗ್ಗೆ ಆರೂವರೆ. ಕಣ್ಣಾಸ್ಪತ್ರೆಯ ನೆಲ ಇನ್ನೂ ಒದ್ದೆ. ಎಲ್ಲರೂ ಚುಕ್ಕಿ ಅಕ್ಕ ಎಂದೇ ಕರೆಯುವ ಹೆಂಗಸು ಕೊನೆಯ ಕೋಣೆಯ ಕಪ್ಪು ಪರದೆ ಎಳೆದು, ನೋಟದ ಹರವು ಅಳೆಯುವ ಯಂತ್ರ ಚಾಲೂ ಮಾಡುತ್ತಾರೆ. ಬಿಳಿ ಬೋಗುಣಿಯಂಥ ಅದರ ಹೊಟ್ಟೆಯಲ್ಲಿ ಬೆಳಕು ಹಾಲಿನಂತೆ ತುಂಬಿಕೊಳ್ಳುತ್ತದೆ. ಗದ್ದ ಊರುವ ಪಟ್ಟಿ ಒರೆಸಿ ಮೊದಲು ತಾವೇ ಕೂರುತ್ತಾರೆ. ಅಲ್ಲೊಂದು ಚುಕ್ಕಿ ಮಿನುಗಿ ಮಾಯ, ಇಲ್ಲೊಂದು. ಗೋಡೆ, ಗಡಿಯಾರ, ಹೊರಗಿನ ಸಾಲು ಎಲ್ಲ ದೂರ ಸರಿದು, ತಾವೊಬ್ಬರೇ ಯಾವುದೋ ಬಿಳಿ ಆಕಾಶದಲ್ಲಿ ತೇಲುತ್ತಿರುವಂತೆ.

ಹದಿನೆಂಟು ವರ್ಷದಿಂದ ಇದೇ ಕೆಲಸ. ದಿನಕ್ಕೆ ಇಪ್ಪತ್ತೆರಡು ಮಂದಿ. ನೆಟ್ಟಗೆ ನೋಡುತ್ತಲೇ, ಅಂಚಿನಲ್ಲಿ ಚುಕ್ಕಿ ಕಂಡಾಗ ಗುಂಡಿ ಒತ್ತಬೇಕು. ಕಾಣದ ಜಾಗ ಕಾಗದದಲ್ಲಿ ಕಪ್ಪಾಗಿ ಮೂಡುತ್ತದೆ. ಕಣ್ಣೊಳಗೆ ಉರಿಯೂತ ಇರುವವರಿಗೆ ಈ ಕಪ್ಪು ಸದ್ದಿಲ್ಲದೆ ಅಂಚಿನಿಂದ ಒಳಗೆ ಬರುತ್ತದೆ. ಮನೆಯವರಿರಲಿ, ಅವರಿಗೇ ಸುಳಿವು ಸಿಗುವುದಿಲ್ಲ. ವೈದ್ಯರ ಹೆಸರು ಬಾಗಿಲ ಮೇಲಿದೆ. ಅಕ್ಕನ ಹೆಸರು ಇರುವುದು ಆರಾರು ತಿಂಗಳಿಗೆ ಹೊಸದಾಗುವ ಗುತ್ತಿಗೆ ಹಾಳೆಯಲ್ಲಿ ಮಾತ್ರ.

"ಎಲ್ಲರಿಗೂ ಪಾಸಾಗೋ ಹಟ," ಎಂದು ಅಕ್ಕ ನಗುತ್ತಾರೆ. "ಕಾಣದಿದ್ರೂ ಒತ್ತಿಬಿಡ್ತಾರೆ."

ಹೋದ ವರ್ಷ ಅದೇ ಉರಿಯೂತದಿಂದ ಬಂದ ಬಸ್ ಚಾಲಕರೊಬ್ಬರು ಹಾಗೇ ಮಾಡಿದರು. ಸುಳ್ಳು ಒತ್ತುವವರನ್ನು ಹಿಡಿಯಲೆಂದೇ ಯಂತ್ರ ನಡುನಡುವೆ ಚುಕ್ಕಿ ತೋರಿಸದೆ ಬರೀ ಟಿಕ್ ಎನ್ನುತ್ತದೆ. ಆಗಲೂ ಒತ್ತಿದರು.

"ಅಣ್ಣಾ, ಚುಕ್ಕೀನೇ ಇಲ್ಲದಾಗ ಒತ್ತಿದ್ರಲ್ಲ?"

"ಬೆರಳು ಜಾರ್ತು."

"ಒಂಬತ್ತು ಸಲವಾ? ಬೆರಳಿಗೇನು ಎಣ್ಣೆ ಹಚ್ಕೊಂಡ್ ಬಂದಿದ್ದೀರಾ?"

ಚಾಲಕರು ಗುಂಡಿ ಕೆಳಗಿಟ್ಟರು. ಆಮೇಲೆ, "ಕಪ್ಪು ಬಂದ್ರೆ ಸ್ಟೇರಿಂಗ್ ಕಿತ್ಕೋತಾರೆ ಅಕ್ಕಾ."

"ಕಾಗದದಲ್ಲಿ ಬರದಿದ್ರೆ ಡಾಕ್ಟ್ರು ಹಳೇ ಔಷಧೀನೇ ಬರೀತಾರೆ. ಉಳಿದಿರೋ ನೋಟಾನೂ ಹೋಗುತ್ತೆ."

ಮೇಲ್ವಿಚಾರಕ ಎರಡು ಸಲ ಬಾಗಿಲು ಬಡಿದ. "ತಲೆಗೆ ಹದಿನೈದು ನಿಮಿಷ ಅಂತ ಗೊತ್ತಿಲ್ವೇನಮ್ಮ?" ಬಡವರ ಕಣ್ಣಿಗೆ ನಿಮಿಷದ ಪಡಿ ಅಳೆದವರಲ್ಲಿ ಒಬ್ಬರೂ ಆ ಬೋಗುಣಿಯೆದುರು ಗದ್ದ ಊರಿದವರಲ್ಲ. ಅಕ್ಕ ಚಿಲಕ ಹಾಕಿ, ಚಾಲಕರಿಗೆ ನೀರು ಕೊಟ್ಟು, ಮತ್ತೆ ಮೊದಲಿನಿಂದ ಶುರು ಮಾಡಿದರು.

ಎಡಗಣ್ಣಿನ ಮೇಲರ್ಧ ಕಪ್ಪು. ಔಷಧಿ ಬದಲಾಯಿತು, ಕೆಲಸವೂ. ಈಗ ಅವರು ಡಿಪೋದಲ್ಲಿ ಬಿಡಿಭಾಗ ಕೊಡುವವರು. ಅಕ್ಕನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಮೂರು ತಿಂಗಳಿಗೊಮ್ಮೆ ಬಂದು ಮುಖ ಗಂಟಿಕ್ಕಿಕೊಂಡೇ ಕೂರುತ್ತಾರೆ. ಅಕ್ಕ ಅವರ ಈವರೆಗಿನ ನಾಲ್ಕೂ ಕಾಗದ ಒಂದರ ಮೇಲೊಂದಿಟ್ಟು ದೀಪಕ್ಕೆ ಹಿಡಿಯುತ್ತಾರೆ. ಕಪ್ಪು ಇದ್ದಲ್ಲೇ ಇದೆ, ಕೂದಲೆಳೆಯಷ್ಟೂ ಮುಂದೆ ಬಂದಿಲ್ಲ.

ನಿಮಗೇನು ಬೇಕು ಎಂದು ಅಕ್ಕನನ್ನು ಕೇಳಿದರೆ, ಗದ್ದದ ಪಟ್ಟಿ ಒರೆಸುತ್ತಲೇ ಹೇಳುತ್ತಾರೆ.

"ಒಬ್ಬೊಬ್ಬರಿಗೆ ಅರ್ಧ ಗಂಟೆ ಕೊಟ್ರೆ ಸಾಕು. ಹೆದರಿಕೆ ಇಳಿದು ನಿಜ ಒತ್ತೋಕೆ ಅಷ್ಟು ಹೊತ್ತು ಬೇಕೇ ಬೇಕು."