ಜರ್ಮನಿ ಪಿಜ್ಜನ ಊರು

ಕಳೆದ ಡಿಸೆಂಬರಿನಲ್ಲಿ ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ವಿಸಿಟ್ ವೀಸಾದ ಮೇಲೆ ಮಂಗಳೂರಿನಿಂದ ದುಬೈಗೆ ಬಂದರು. ವಯಸ್ಸು ಎಂಬತ್ತರ ಹತ್ತಿರ. ಮೊಣಕಾಲು ಎರಡೂ ಕೈಕೊಟ್ಟಿವೆ, ಬಾಯಿ ಮಾತ್ರ ಗಟ್ಟಿ. ಅಲ್ ನಹ್ದಾದ ನಮ್ಮ ಫ್ಲ್ಯಾಟಿಗೆ ಕಾಲಿಟ್ಟವರೇ ಕೈಚೀಲ ಬಿಚ್ಚಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಮರದ ಅಚ್ಚೊಂದನ್ನು ತೆಗೆದು, ಎಲ್ಲೂ ಮುಕ್ಕಾಗಿಲ್ಲವಲ್ಲ ಎಂದು ತಿರುಗಿಸಿ ತಿರುಗಿಸಿ ನೋಡಿದರು. ಹೇಗಿದ್ದೀಯ ಎಂದು ನನ್ನನ್ನು ಕೇಳಿದ್ದು ಆಮೇಲೆ.

ಆ ಅಚ್ಚಿನಲ್ಲಿ ಕುದುರೆ ಸವಾರನ ಚಿತ್ರ ಕೆತ್ತಿದೆ. ಅದನ್ನು ತಂದವರು ನಮ್ಮ ಜರ್ಮನಿ ಪಿಜ್ಜ. ತುಳುವಿನಲ್ಲಿ ಪಿಜ್ಜ ಎಂದರೆ ಮುತ್ತಜ್ಜ. ಅತ್ತೆಯ ಅಜ್ಜನ ಅಪ್ಪ ಇವರು. ಹಂಚಿನ ಕಾರ್ಖಾನೆಯ ಯಂತ್ರ ಜೋಡಿಸಲಿಕ್ಕೆಂದು ಜರ್ಮನಿಯಿಂದ ಹಡಗು ಹತ್ತಿ ಬಂದವರು, ಮಂಗಳೂರಿನದೇ ಹುಡುಗಿಯನ್ನು ಮದುವೆಯಾಗಿ, ವಾಪಸು ಹೋಗುವ ಸುದ್ದಿಯನ್ನೇ ಎತ್ತದೆ ಅಲ್ಲೇ ಮಣ್ಣಾದರು. ಅವರಿಂದ ನಮಗೆ ಬಂದ ಆಸ್ತಿ ಎಂದರೆ ಆ ಅಚ್ಚು, ಮತ್ತು ಅತ್ತೆಯ ಬೆಕ್ಕಿನ ಕಣ್ಣು. ನನ್ನ ಪಾಲಿಗೆ ಕಣ್ಣೂ ಬರಲಿಲ್ಲ.

ಅತ್ತೆಯ ಜೊತೆ ಒಂದು ಚಿಂತೆಯೂ ವಿಮಾನ ಹತ್ತಿ ಬಂದಿತ್ತು. ಪಿಜ್ಜನ ಸಮಾಧಿಯ ಕಲ್ಲು ಆ ವರ್ಷದ ಮಳೆಗಾಲದಲ್ಲಿ ಅಡ್ಡಕ್ಕೆ ಸೀಳಿತ್ತು. ಈಸ್ಟರಿನೊಳಗೆ ಹೊಸ ಕಲ್ಲು ನಿಲ್ಲಿಸಬೇಕು. ಹಳೆಯ ಕಲ್ಲಿನಲ್ಲಿ ಹೆಸರು ಉಳಿದಿದೆ, ಸತ್ತ ವರ್ಷ ಉಳಿದಿದೆ, ಹುಟ್ಟಿದ ಊರಿನ ಗೆರೆ ಮಾತ್ರ ಅತ್ತೆ ಚಿಕ್ಕವರಿರುವಾಗಲೇ ಉಪ್ಪುಗಾಳಿಗೆ ಎದ್ದುಹೋಗಿತ್ತು. ಮಂಗಳೂರಿನಲ್ಲಿರುವ ಚಿಕ್ಕಪ್ಪ ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದರು.

“ಅಕ್ಕಾ, ಕಲ್ಲು ಕೆತ್ತುವವ ಕೇಳ್ತಾ ಇದ್ದಾನೆ. ಊರು ಎಂತ ಹಾಕುದು?”

“ನಿಲ್ಲು ಮಾರಾಯ, ಹುಡುಕ್ತಾ ಇದ್ದೇವೆ.”

ನಮ್ಮ ಕಡೆಯವರಿಗೆ ಹೆಸರು ಗೊತ್ತಾಗದಿದ್ದರೂ ನಡೆಯುತ್ತದೆ, ಊರು ಗೊತ್ತಾಗಬೇಕು. ಇಲ್ಲಿಯ ಕರಾಮದ ಹೋಟೆಲಿನಲ್ಲಿ ನೀರುದೋಸೆ ತಂದಿಡುವವನೂ “ಊರಲ್ಲಿ ಎಲ್ಲಿ?” ಎಂದು ಕೇಳಿಯೇ ಚಟ್ನಿ ಬಡಿಸುತ್ತಾನೆ. ಹೀಗಿರುವಾಗ ಸ್ವಂತ ಪಿಜ್ಜನನ್ನು ಊರಿಲ್ಲದವರ ಹಾಗೆ ಮಲಗಿಸುವುದು ಅತ್ತೆಗೆ ಸಹಿಸಲಾಗದ ಸಂಗತಿ. “ನಾನು ಕಣ್ಣು ಮುಚ್ಚುವ ಮೊದಲು ಆ ಗೆರೆ ತುಂಬಬೇಕು,” ಎನ್ನುತ್ತಿದ್ದರು. ಚರ್ಚಿನ ಪುಸ್ತಕದಲ್ಲಿ ಪಿಜ್ಜನ ಮದುವೆ, ಸಾವು ಇತ್ತು, ಹುಟ್ಟು ಇರಲಿಲ್ಲ. ನನ್ನ ಮಗಳು ಇಂಟರ್ನೆಟ್ಟಿನಲ್ಲಿ ಹುಡುಕಿ ಕೈಚೆಲ್ಲಿದಳು. ಪಿಜ್ಜನ ಹೆಸರು ಅಲ್ಲಿ ನಮ್ಮಲ್ಲಿಯ ಡಿಸೋಜ ಇದ್ದ ಹಾಗಂತೆ, ಕಲ್ಲೆಸೆದರೆ ಒಬ್ಬರಿಗೆ ತಾಗುತ್ತದೆ.

ಅಷ್ಟರಲ್ಲಿ ಕ್ರಿಸ್ಮಸ್ ಹತ್ತಿರ ಬಂತು, ಅತ್ತೆ ಆ ಅಚ್ಚಿನಲ್ಲಿ ಪ್ರತಿ ವರ್ಷ ಮಾಡುವ ಕುದುರೆ ಬಿಸ್ಕತ್ತಿಗೆ ಕೈಹಾಕಿದರು. ಮೈದಾ, ಮೊಟ್ಟೆ, ಸಕ್ಕರೆ, ಸೋಂಪು. ಕಲಸಿ ಲಟ್ಟಿಸಿ, ಅಚ್ಚು ಒತ್ತಿ, ಕತ್ತರಿಸಿ ಒಂದು ರಾತ್ರಿ ಒಣಗಲು ಬಿಡಬೇಕು, ಮರುದಿನ ಬೇಯಿಸಬೇಕು. ಮಂಗಳೂರಿನಲ್ಲಿ ಇದು ಬೇಯುವಾಗ ಮೇಲೆಲ್ಲ ಬಿರುಕು ಬಿಟ್ಟು ಸವಾರನ ತಲೆಯೊಂದು ಕಡೆ, ಕುದುರೆಯ ಬಾಲವೊಂದು ಕಡೆ ಆಗುತ್ತದೆ. ಅದೇ ಸರಿ ಎಂದು ನಮ್ಮ ಮನೆಯ ನಂಬಿಕೆ. ಬಿರಿದರೆ ಪಿಜ್ಜನ ಕೈಗುಣ ಬಂತು ಎಂದರ್ಥ. ಮದುವೆಯಾಗಿ ಬಂದ ಸೊಸೆಯಂದಿರನ್ನು ಈ ಬಿರುಕಿನಲ್ಲೇ ಅಳೆಯುತ್ತಿದ್ದರು.

ಅಲ್ ನಹ್ದಾದ ಒಲೆಯಿಂದ ತಟ್ಟೆ ಹೊರಗೆಳೆದಾಗ ಒಂದೇ ಒಂದು ಬಿರುಕು ಇರಲಿಲ್ಲ. ಬಿಸ್ಕತ್ತಿನ ಮೈ ಬೆಳ್ಳಗೆ ನುಣ್ಣಗೆ, ಸವಾರನ ಟೋಪಿಯ ಗರಿ ಕೂಡ ಲೆಕ್ಕಕ್ಕೆ ಸಿಗುವಷ್ಟು ಸ್ಪಷ್ಟ. ಅಡಿಯಲ್ಲಿ ಮಾತ್ರ ಎಲ್ಲ ಬಿಸ್ಕತ್ತಿಗೂ ಸುತ್ತ ಒಂದು ಅಂಚು ಉಬ್ಬಿ, ಅವು ಮಣೆಯ ಮೇಲೆ ಕೂರಿಸಿದ ಹಾಗೆ ಎದ್ದು ನಿಂತಿದ್ದವು.

“ಹಾಳಾಯ್ತು,” ಎಂದರು ಅತ್ತೆ. “ಇದೆಂತ ಅವತಾರ ಮಾರಾಯ್ತಿ? ನಿನ್ನ ಎ.ಸಿ.ದೇ ಕೆಲಸ. ರಾತ್ರಿ ಇಡೀ ಒಣಗಿಸಿ ಕೊಂದಿತು.”

ಎ.ಸಿ. ಇಲ್ಲದೆ ಇಲ್ಲಿ ಬದುಕುವುದು ಹೇಗೆ ಎಂದು ನಾನು ರೇಗಿದೆ. ಬಿಸ್ಕತ್ತನ್ನು ಯಾರಿಗೂ ತೋರಿಸಕೂಡದೆಂದು ಅತ್ತೆ ಡಬ್ಬಿಗೆ ತುಂಬಿ ಫ್ರಿಜ್ಜಿನ ಮೇಲಿಟ್ಟರು. ಮರುದಿನ ಬೆಳಿಗ್ಗೆ ನನ್ನ ಗಂಡ ಆ ಡಬ್ಬಿಯನ್ನೇ ಎತ್ತಿಕೊಂಡು ಅಬುಧಾಬಿಗೆ ಹೋದರು. ಅಲ್ಲಿಯ ಮುಸಫ್ಫಾದಲ್ಲಿ ಪಂಪು ರಿಪೇರಿ ಮಾಡುವ ಕಂಪನಿಯಲ್ಲಿ ಅವರಿಗೆ ಕೆಲಸ. ಕ್ರಿಸ್ಮಸ್ಸಿಗೆ ಅಲ್ಲಿಗೆ ತಿಂಡಿ ಒಯ್ಯುವುದು ವಾಡಿಕೆ. ಕಲ್ಕಲ್, ಚಕ್ಕುಲಿ ತುಂಬಿದ ಒಳ್ಳೆಯ ಡಬ್ಬಿ ಮೇಜಿನ ಮೇಲೇ ಇತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ಈ ಮನುಷ್ಯನಿಗೆ ಡಬ್ಬಿ ಗುರುತಿಸಲು ಬರುವುದಿಲ್ಲ.

ಸಂಜೆಯಾಗುವುದರೊಳಗೆ ಗಂಡನ ಫೋನ್ ಬಂತು. ಕಂಪನಿಯ ಮ್ಯಾನೇಜರು ಜರ್ಮನಿಯವರು. ಬಿಸ್ಕತ್ತನ್ನು ಅವರು ಮಧ್ಯಾಹ್ನ ಊಟಕ್ಕೆ ಹೋಗುವಾಗ ಮನೆಗೆ ಒಯ್ದಿದ್ದರಂತೆ. ಅವರ ಹೆಂಡತಿ ಒಂದು ತುಂಡು ಬಾಯಿಗಿಟ್ಟವರೇ ಕುರ್ಚಿಯಿಂದ ಎದ್ದರಂತೆ. ಶನಿವಾರ ನಿಮ್ಮ ಮನೆಗೆ ಬರಬಹುದೇ ಎಂದು ಕೇಳುತ್ತಿದ್ದಾರೆ, ಎಂದರು ಗಂಡ. ಅತ್ತೆಗೆ ಭಯ. “ಹೊಟ್ಟೆ ಕೆಟ್ಟಿತಾ ಕೇಳು,” ಎಂದರು.

ಶನಿವಾರ ಬಂದ ಹೆಂಗಸಿಗೆ ಅರವತ್ತು ದಾಟಿದೆ, ತಲೆ ಪೂರ್ತಿ ಬಿಳಿ, ಗಲ್ಫಿಗೆ ಬಂದು ನನಗಿಂತಲೂ ಹೆಚ್ಚು ವರ್ಷವಾಗಿದೆ. ಸೋಫಾದ ತುದಿಯಲ್ಲಿ ಕೂತು, ಡಬ್ಬಿಯಲ್ಲಿ ಉಳಿದು ವಾಪಸು ಬಂದಿದ್ದ ಬಿಸ್ಕತ್ತೊಂದನ್ನು ಬೋರಲು ಹಾಕಿ, ಆ ಉಬ್ಬಿದ ಅಂಚನ್ನು ಬೆರಳಿನಿಂದ ತಟ್ಟಿದರು. ಇದನ್ನು ನಮ್ಮಲ್ಲಿ ಕಾಲು ಎನ್ನುತ್ತೇವೆ, ಎಂದರು. ಕಾಲು ಬರದ ಬಿಸ್ಕತ್ತನ್ನು ನನ್ನ ಅಜ್ಜಿ ಕೋಳಿಗಳಿಗೆ ಹಾಕುತ್ತಿದ್ದರು. ಇಷ್ಟು ಚೆಂದದ ಕಾಲು ನನಗೆ ಒಮ್ಮೆಯೂ ಬಂದಿಲ್ಲ, ಯಾರು ಕಲಿಸಿದರು?

ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದು ಹೇಳಿದೆ. ಅತ್ತೆ ತಾವೂ ಒಂದು ಬಿಸ್ಕತ್ತನ್ನು ತಿರುಗಿಸಿ ಅಡಿ ನೋಡಿದರು. “ಹಾಗಾದ್ರೆ ನಾವು ಇಷ್ಟು ಕಾಲ ಹಾಳಾದದ್ದನ್ನೇ ತಿಂದದ್ದಾ?” ಎಂದರು. ಮಂಗಳೂರಿನ ತೇವಕ್ಕೆ ಹಿಟ್ಟು ಒಣಗದೆ ಬಿರಿಯುತ್ತಿತ್ತು, ಅಷ್ಟೇ ಸಂಗತಿ. ಪಾಪ, ಎಷ್ಟು ಸೊಸೆಯಂದಿರನ್ನು ಹೊಗಳಿದ್ದೋ, ಎಷ್ಟು ಜನರನ್ನು ಅಳಿಸಿದ್ದೋ! ಅತ್ತೆಯೇ ಮೊದಲು ನಕ್ಕರು, ಆಮೇಲೆ ನಮಗೆ ತಡೆಯಲಾಗಲಿಲ್ಲ.

ಅಚ್ಚು ತೋರಿಸಿದೆವು, ಪಿಜ್ಜನ ಕಥೆ ಹೇಳಿದೆವು. ಆಕೆ ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಇದು ನಮ್ಮ ಕಡೆಯದು, ದಕ್ಷಿಣ ಜರ್ಮನಿಯದು ಎಂದರು. ಅತ್ತೆ ಮುಂದಕ್ಕೆ ಬಾಗಿದರು.

“ಊರು? ಊರು ಯಾವುದು ಕೇಳು.”

ಅದು ಹೇಳಲು ಬರುವುದಿಲ್ಲ, ಎಂದರು ಆಕೆ. ಆ ಕಡೆ ಬೆಟ್ಟದ ಸುತ್ತ ನೂರಾರು ಹಳ್ಳಿ, ಎಲ್ಲ ಮನೆಗಳಲ್ಲೂ ಇಂಥ ಅಚ್ಚು. ಅತ್ತೆಯ ಮುಖ ಇಳಿದುಹೋಯಿತು. ದಡಕ್ಕೆ ಬಂದ ದೋಣಿ ಮಗುಚಿತೆಂದು ನನಗೂ ಸಂಕಟವಾಯಿತು. ಆದರೆ ಅತ್ತೆ ಅಷ್ಟಕ್ಕೆ ಬಿಡುವವರಲ್ಲ.

“ಅಲ್ಲಿಯ ಸಮಾಧಿಗಳಲ್ಲಿ ಹುಡುಕಿದ್ರೆ? ಪಿಜ್ಜನ ಅಪ್ಪ ಅಮ್ಮನ ಕಲ್ಲು ಎಲ್ಲಾದ್ರೂ ಇರ್ತದಲ್ವಾ?”

ಇರುವುದಿಲ್ಲ, ಎಂದರು ಆಕೆ. ನಮ್ಮಲ್ಲಿ ಸಮಾಧಿಯ ಜಾಗ ಇಂತಿಷ್ಟು ವರ್ಷಕ್ಕೆ ಬಾಡಿಗೆಗೆ. ಅವಧಿ ಮುಗಿದು ಯಾರೂ ಮುಂದುವರಿಸದಿದ್ದರೆ ಕಲ್ಲು ತೆಗೆದು, ಆ ಜಾಗ ಇನ್ನೊಬ್ಬರಿಗೆ ಕೊಡುತ್ತಾರೆ. ಬಿಸ್ಕತ್ತು ಮಾಡುತ್ತಿದ್ದ ನನ್ನ ಅಜ್ಜಿಯ ಕಲ್ಲೂ ಈಗ ಇಲ್ಲ. ನಾವೆಲ್ಲ ದೂರ ಇದ್ದೆವು.

“ತೆಗೀತಾರಾ? ಕಲ್ಲನ್ನಾ?” ಅತ್ತೆ ನನ್ನ ಅನುವಾದವನ್ನೇ ನಂಬದೆ ಎರಡು ಸಲ ಕೇಳಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಚಿಕ್ಕಪ್ಪನಿಗೆ ಫೋನ್ ಹಚ್ಚು,” ಎಂದರು. ಹಚ್ಚಿದೆ.

“ಕೇಳು. ಆ ಹುಟ್ಟಿದ ಊರಿನ ಗೆರೆ ಬೇಡ. ಅಡಿಯಲ್ಲಿ ಊರು ಮಂಗಳೂರು ಅಂತ ಕೆತ್ತಲಿಕ್ಕೆ ಹೇಳು.”

“ಎಂತ ಅಕ್ಕಾ, ಅವರು ಜರ್ಮನಿಯವರಲ್ವಾ? ನೋಡಿದವರು ನಗಾಡ್ತಾರೆ.”

“ನಗಾಡ್ಲಿ. ಅಲ್ಲೇ ಇದ್ದಿದ್ರೆ ಅವರ ಕಲ್ಲು ಯಾವಾಗ್ಲೋ ಕಿತ್ತು ಬಿಸಾಡ್ತಿದ್ರು. ಊರಲ್ಲಿ ವರ್ಷ ವರ್ಷ ಆ ಕಲ್ಲನ್ನು ನಮ್ಮ ಅಜ್ಜ ತೊಳೆದ್ರು, ಅಪ್ಪ ತೊಳೆದ್ರು, ನಾವು ತೊಳೀತಾ ಇದ್ದೇವೆ. ಮತ್ತೆ ಬೇರೆ ಯಾವ ಊರು ಅವರದ್ದು? ಖಲಾಸ್!”

ಬಂದ ಮೂರೇ ವಾರದಲ್ಲಿ ಇಲ್ಲಿಯ ಅರಬರ ಹಾಗೆ ಖಲಾಸ್, ಮುಗಿಯಿತು, ಎನ್ನಲು ಕಲಿತಿದ್ದರು. ಆ ಮಾತೊಂದೇ ಅರ್ಥವಾದ ಆಕೆ ನನ್ನ ಮುಖ ನೋಡಿದರು. ಎಲ್ಲವನ್ನೂ ಹೇಳಿದೆ. ಕೇಳಿ, ಬಿಸ್ಕತ್ತಿನ ತಟ್ಟೆಯನ್ನು ಸುಮ್ಮನೆ ಸರಿಸುತ್ತಾ ಕೂತರು. ಹಾಗಾದರೆ ನನ್ನ ಊರು ಯಾವುದು ಎಂದು ನಿಮ್ಮ ಅತ್ತೆಯನ್ನು ಕೇಳಿ, ಎಂದರು. ಅವರ ಮಕ್ಕಳು ಬೇರೆ ಬೇರೆ ದೇಶದಲ್ಲಿದ್ದಾರೆ. ನಗುತ್ತಲೇ ಕೇಳಿದ್ದು, ಆದರೆ ಪೂರ್ತಿ ನಗುವಲ್ಲ. ಅಲ್ ನಹ್ದಾದಲ್ಲಿ ಮಕ್ಕಳನ್ನು ಬೆಳೆಸಿದ ನನಗೂ ಆ ಉತ್ತರ ಬೇಕಿತ್ತು.

“ಮಂಗಳೂರಿಗೆ ಬರ್ಲಿ,” ಎಂದರು ಅತ್ತೆ ಒಂದು ಕ್ಷಣವೂ ಯೋಚಿಸದೆ. “ಪಿಜ್ಜನ ಪಕ್ಕದಲ್ಲೇ ಜಾಗ ಉಂಟು ಹೇಳು. ಪಿಜ್ಜನಿಗೂ ಸ್ವಂತ ಭಾಷೆಯವರು ಒಬ್ಬರು ಸಿಕ್ಕಿದ ಹಾಗಾಗ್ತದೆ.”

ಎದುರಿಗೆ ಜೀವಂತ ಕೂತಿರುವ ಅತಿಥಿಗೆ ಇದನ್ನು ಹೇಗೆ ಹೇಳುವುದು! ಹೆದರುತ್ತಲೇ ಹೇಳಿದೆ. ಆಕೆ ಬಿದ್ದು ಬಿದ್ದು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಕರವಸ್ತ್ರ ತೆಗೆಯುತ್ತಾ, ನಿಜವಾಗಿಯೂ ಪ್ರತಿ ವರ್ಷ ತೊಳೆಯುತ್ತೀರಾ ಎಂದು ಕೇಳಿದರು.

“ಪ್ರತಿ ವರ್ಷ. ತೆಂಗಿನ ನಾರು ಹಾಕಿ ತಿಕ್ಕಿ,” ಎಂದು ಅತ್ತೆ ಗಾಳಿಯಲ್ಲಿ ಕೈಯಾಡಿಸಿ ತೋರಿಸಿದರು.

ಅದನ್ನು ಇಂಗ್ಲಿಷಿನಲ್ಲಿ ಹೇಳಲು ಬಾಯಿ ತೆರೆದವಳು, ಚಹಾ ಇಡುವ ನೆಪದಲ್ಲಿ ಅಡುಗೆಮನೆಗೆ ಎದ್ದುಹೋದೆ. ಪಕ್ಕದಲ್ಲಿ ಕೂತಿದ್ದ ಗಂಡನೇ ಹೇಳಬೇಕಾಯಿತು.