ಬಿಲ್ಲೆಯ ಹಿಂದಿನ ಮೂರು ಗೆರೆ

ನಾನು ಕೂತಲ್ಲಿ ಕೂರುವ ಹೆಂಗಸಲ್ಲ. ಬಸವಕಲ್ಯಾಣದ ನಮ್ಮ ಮನೆಯಲ್ಲಿ ಚಹಾದ ಕಪ್ಪು ಹಿಡಿದರೆ ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಬಾಗಿಲಿಗೆ ತಿರುಗಾಡುತ್ತಲೇ ಕುಡಿಯುತ್ತೇನೆ. ಹುಮನಾಬಾದಿನ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳಾದ್ದರಿಂದ ದಿನಾ ಬಸ್ಸಿನ ಓಡಾಟ ಇದ್ದೇ ಇದೆ. ಆ ಬಸ್ಸಿನಲ್ಲೂ ಎರಡು ಸಲ ಸೀಟು ಬದಲಿಸದಿದ್ದರೆ ನನಗೆ ಸಮಾಧಾನವಿಲ್ಲ. "ನಿನ್ನ ಕಾಲಾಗ ಚಕ್ರ ಅದ" ಎಂದು ಮನೆಯವರು ಮದುವೆಯಾದ ವಾರದಲ್ಲೇ ಹೇಳಿದ್ದರು. ಆದರೂ ಸಮ್ಮೇಳನದ ಮುಂಚಿನ ಆ ಮೂರು ದಿನ ನಾನು ಪಟ್ಟ ಚಡಪಡಿಕೆಯನ್ನು ಅವರೂ ಅದಕ್ಕೆ ಮುಂಚೆ ಕಂಡಿರಲಿಲ್ಲ.

ಸಮ್ಮೇಳನವೆಂದರೆ ಸಣ್ಣದಲ್ಲ. ಪೂರ್ವ ಏಷ್ಯಾದ ಪುರಾತತ್ವದ ಬಗ್ಗೆ, ಕೊರಿಯಾದ ಒಂದು ಊರಿನಲ್ಲಿ, ಹತ್ತಾರು ದೇಶಗಳ ವಿದ್ವಾಂಸರು ಸೇರುವಂಥದ್ದು. ಅದರಲ್ಲಿ ಚೀನಾದ ಪಿಂಗಾಣಿ ದೇಶದೇಶಕ್ಕೆ ಹೋಗಿ ಏನೇನಾಯಿತು ಎಂಬುದಕ್ಕೆ ಒಂದು ಬೆಳಗಿನ ಗೋಷ್ಠಿ. ಆ ಗೋಷ್ಠಿಗೆ ನನ್ನ ಪ್ರಬಂಧ ಒಪ್ಪಿಗೆಯಾಗಿತ್ತು. ಅದಕ್ಕೂ ಮೊದಲು ನಾನು ಎಷ್ಟು ಕಡೆ ಬರೆದು ಕಳಿಸಿದ್ದೆನೋ, ಅಷ್ಟೂ ಕಡೆಯಿಂದ "ವಿಷಾದಿಸುತ್ತೇವೆ" ಎಂದು ಬಂದಿತ್ತು. ಪರೀಕ್ಷೆ ಡ್ಯೂಟಿ ಇದ್ದದ್ದರಿಂದ ಹೋಗುವ ಮಾತಿರಲಿಲ್ಲ, ಮನೆಯಲ್ಲೇ ಲ್ಯಾಪ್‌ಟಾಪಿನ ಮುಂದೆ ಕೂತು ಮಾತಾಡಬೇಕಿತ್ತು. ನಮ್ಮ ಪ್ರಾಚಾರ್ಯರು ಮಾತ್ರ ನಾನು ವಿಮಾನ ಹತ್ತಿಯೇ ಬಿಟ್ಟೆನೇನೋ ಎನ್ನುವ ಹಾಗೆ ಕಾಲೇಜಿನ ಗೇಟಿಗೆ ಫ್ಲೆಕ್ಸ್ ಕಟ್ಟಿಸಿದರು. ಅದರಲ್ಲಿ ಹಾಕಿದ್ದು ನಾನು ತೆಳ್ಳಗಿದ್ದ ಕಾಲದ ಫೋಟೋ. ಹುಡುಗಿಯರು ಅದನ್ನೂ ನನ್ನನ್ನೂ ನೋಡಿ ನಗುತ್ತಿದ್ದರು.

ಪ್ರಬಂಧದ ಜೀವವೆಲ್ಲ ಇದ್ದದ್ದು ಒಂದು ಬಿಲ್ಲೆಯಲ್ಲಿ. ಘಾಟಬೋರಾಳದಲ್ಲಿ ನನ್ನ ಅಣ್ಣನ ಹೊಲದ ಬದಿಗೆ ಹಾಳಮಣ್ಣಿನ ಒಂದು ದಿಬ್ಬವಿದೆ. ಎಂದೋ ಊರಿದ್ದ ಜಾಗ. ಮಾಳಿಗೆಗೆ ಹಾಸಲು ಜನ ಆ ಮಣ್ಣನ್ನು ಒಯ್ಯುತ್ತಾ ಬಂದಿದ್ದಾರೆ, ದಿಬ್ಬ ಅರ್ಧವಾಗಿದೆ. ಪ್ರತಿ ವರ್ಷ ಹೊಲ ಹರಗಿದ ಮೇಲೆ ನಾನು ಅಲ್ಲಿ ತಲೆ ಬಗ್ಗಿಸಿಕೊಂಡು ತಿರುಗುತ್ತೇನೆ, ಒಡೆದ ಮಡಕೆಯ ಬೋಕಿ ಚೂರು ಆರಿಸುತ್ತೇನೆ. ಎರಡು ವರ್ಷದ ಹಿಂದೆ ಸಿಕ್ಕಿದ್ದು ಅದು: ಬಿಳಿ ಪಿಂಗಾಣಿ, ಮೇಲೆ ನೀಲಿ ಎಲೆಯ ಸುರುಳಿ, ಅಂಚು ಸುತ್ತಲೂ ತಿಕ್ಕಿ ದುಂಡಗೆ ಮಾಡಿದ್ದು, ಹಿಂಬದಿಗೆ ಗೀಚಿದ ಮೂರು ಗೆರೆ. ಚೀನಾದ ಹಳೆಯ ತಟ್ಟೆಯ ಚೂರು ಎಂಬುದರಲ್ಲಿ ಅನುಮಾನವಿರಲಿಲ್ಲ. ಹೈದರಾಬಾದಿನ ತಜ್ಞರೊಬ್ಬರಿಗೆ ತೋರಿಸಿ ಖಾತ್ರಿ ಮಾಡಿಕೊಂಡಿದ್ದೆ. ಬಸವಕಲ್ಯಾಣದ ಕೋಟೆಯ ಯಾರದೋ ಮನೆಯಲ್ಲಿ ತಟ್ಟೆ ಒಡೆದಿದೆ, ಆ ಕಾಲದ ಯಾರೋ ಅದರ ಚೂರನ್ನು ತಿಕ್ಕಿ ಪಗಡೆಯಂಥ ಆಟಕ್ಕೆ ಕಾಯಿ ಮಾಡಿಕೊಂಡಿದ್ದಾರೆ, ಮೂರು ಗೆರೆ ಆಟಗಾರನ ಗುರುತು. ಇದು ನನ್ನ ವಾದ. ಸಾರಾಂಶದಲ್ಲಿ ಬಿಲ್ಲೆಯ ಅಡ್ಡಳತೆಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಬರೆದು, ಗೆರೆಗಳ ಆಳವನ್ನೂ ಬರೆದು ಕಳಿಸಿದ್ದೆ.

ಗೋಷ್ಠಿಗೆ ಮೂರು ದಿನ ಇದೆ ಎನ್ನುವಾಗ ದಿಬ್ಬದ ಹೊಸ ಫೋಟೋ ಬೇಕೆನಿಸಿತು. ಬೇಕಿರಲಿಲ್ಲ, ಸುಮ್ಮನೆ ಕೂರಲಾಗದೆ ಹೊರಟೆ ಎನ್ನುವುದೇ ಸರಿ. ಘಾಟಬೋರಾಳ ಮುಟ್ಟುವಾಗ ಬಿಸಿಲು ಏರಿತ್ತು. ಹೊಲದಲ್ಲಿ ಹುಲಸೂರದಾಕಿ ಒಬ್ಬಳೇ ತೊಗರಿಯಲ್ಲಿ ಕಳೆ ತೆಗೆಯುತ್ತಿದ್ದಳು.

ಹುಲಸೂರದಾಕಿ ಹುಟ್ಟಿದ್ದು ಘಾಟಬೋರಾಳದಲ್ಲೇ, ಬೌದ್ಧರ ಓಣಿಯಲ್ಲಿ. ಹುಲಸೂರಿಗೆ ಕೊಟ್ಟಿದ್ದರು. ಗಂಡ ತೀರಿದ ಮೇಲೆ ಮಗಳನ್ನು ಎತ್ತಿಕೊಂಡು ತವರಿಗೆ ಬಂದಳು, ಆ ಹೆಸರೂ ಅವಳ ಜೊತೆ ಬಂತು. ಈಗ ಅರವತ್ತು ದಾಟಿರಬೇಕು. ನನಗೆ ಬುದ್ಧಿ ಬಂದಾಗಿನಿಂದ ನಮ್ಮ ಹೊಲಕ್ಕೆ ಬರುತ್ತಾಳೆ. ಶಾಲೆಯ ಸೂಟಿಗೆ ಊರಿಗೆ ಬಂದ ನನಗೆ ಹಸಿ ಕಡಲೆ ಸುಲಿದು ಬೊಗಸೆ ತುಂಬಿಸಿದ್ದು, ಮುಳ್ಳು ತೆಗೆದದ್ದು, ಬಾವಿ ಕಡೆ ಹೋದರೆ ಗದರಿಸಿದ್ದು ಎಲ್ಲ ಅವಳೇ.

ಇಂಥ ದುಂಡನೆಯ ಚೂರು ಬೇರೆ ಎಲ್ಲಾದರೂ ಕಂಡಿದ್ದಾಳೋ ಕೇಳೋಣವೆಂದು ಮೊಬೈಲಿನಲ್ಲಿದ್ದ ಬಿಲ್ಲೆಯ ಫೋಟೋ ತೆರೆದು ಅವಳ ಮುಂದೆ ಹಿಡಿದೆ. ನೀಲಿ ಎಲೆ ಇದ್ದ ಮುಂಬದಿಯ ಫೋಟೋ. ಅವಳು ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡು ಬಗ್ಗಿ ನೋಡಿದಳು.

"ಇದು ನಿಮ್ಮ ಕೈಗ ಹ್ಯಾಂಗ ಬಂತ್ರಿ ಅಕ್ಕೋರ?"

"ಯಾಕ, ನೋಡಿದ್ದೇನು?"

"ನೋಡೋದೇನ್ರಿ, ನಂದೇ ಬಿಲ್ಲೆ ಇದು. ಹಿಂದ ಮೂರು ಗೆರಿ ಅದಾವ ನೋಡ್ರಿ. ನಡುಕಿಂದು ಸೊಟ್ಟ ಆಗೇದ, ಬೆಣಚಕಲ್ಲ ಜಾರಿತ್ತು."

ಹಿಂಬದಿಯನ್ನು ನಾನು ಅವಳಿಗೆ ತೋರಿಸಿರಲಿಲ್ಲ. ನಡುವಿನ ಗೆರೆ ಸೊಟ್ಟಗಿರುವುದು ನಿಜ. ಅದಕ್ಕೆ ಏನೋ ಅರ್ಥವಿರಬಹುದೆಂದು ನಾನು ಅರ್ಧ ಪುಟ ಬರೆದಿದ್ದೆ.

"ಅದು ನೂರಾರು ವರ್ಷದ್ದು ಅದ" ಎಂದೆ. ದನಿ ನನಗೇ ಗೊತ್ತಾಗುವಷ್ಟು ಬಿರುಸಾಗಿತ್ತು.

"ಇರಬಹುದ್ರಿ. ಚೂರು ಹಳೀದು. ದುಂಡ ಮಾಡಿದಾಕಿ ನಾನು." ಅವಳು ನಕ್ಕಳು. "ಉಳಿದ ಹುಡುಗ್ಯಾರು ಹಂಚಿನ ಚೂರಿನ್ಯಾಗ ಮಾಡ್ಕೋತಿದ್ರು, ಎರಡು ದಿನದಾಗ ಆಗ್ತಿತ್ತು. ಇದು ಜಿದ್ದಿಗಿ ಬಿದ್ದ ಚೂರು. ಒಂದು ಬ್ಯಾಸಗಿ ಪೂರಾ ಹೊಸ್ತಿಲ ಕಲ್ಲಿಗಿ ತಿಕ್ಕೀನಿ. ಕುಂಟಬಿಲ್ಲೆ ಆಡಾಗ ಇದರಷ್ಟು ಚಂದ ಜಾರೂದು ಇಡೀ ಓಣಿದಾಗ ಇರಲಿಲ್ಲ. ಯಾರರ ಒಯ್ತಾರಂತ ಗೆರಿ ಹೊಡದೆ. ಮೂರನೇ ಮಗಳು ನಾ, ಅದಕ್ಕ ಮೂರು."

"ಮತ್ತ ಹೊಲದಾಗ ಹ್ಯಾಂಗ ಬಂತು?"

"ನಾ ದೊಡ್ಡಾಕಿ ಆದೆನಲ್ರಿ. ಆದ ಮ್ಯಾಲ ಕುಂಟಂಗಿಲ್ಲ. ನಮ್ಮ ಓಣಿದಾಗ ರಿವಾಜ ಇತ್ತು. ಗೆಳತೇರು ಆಕಿ ಬಿಲ್ಲೆ ತಗೊಂಡು ದಿಬ್ಬಕ್ಕ ಬೆನ್ನ ಮಾಡಿ ನಿಂತು ಹೆಗಲ ಮ್ಯಾಲಿಂದ ಒಗೀತಿದ್ರು. ಎಲ್ಲಿ ಬಿತ್ತಂತ ಯಾರೂ ಹೊಳ್ಳಿ ನೋಡಂಗಿಲ್ಲ. ನಾ ಮಾತ್ರ ಕಳ್ಳತನದಾಗ ಹುಡುಕೀನಿ. ಎರಡು ಸರ್ತಿ. ಸಿಗಲಿಲ್ಲ. ಆ ವರ್ಷನೇ ಹುಲಸೂರಿಗಿ ಕೊಟ್ರು."

ಕುಂಟಬಿಲ್ಲೆ ನಾನೂ ಆಡಿದವಳೇ. ಆದರೆ ಬಸವಕಲ್ಯಾಣದ ಪೇಟೆಯ ಹುಡುಗಿ ನಾನು, ನಮ್ಮ ಬಿಲ್ಲೆ ಬೂಟ್ ಪಾಲಿಶಿನ ಡಬ್ಬಿ. ದಿಬ್ಬದ ಮೇಲೆ ಇಷ್ಟು ವರ್ಷ ತಿರುಗಿದರೂ ಅಲ್ಲಿಯ ಹುಡುಗಿಯರು ಏನಿಟ್ಟು ಆಡುತ್ತಿದ್ದರೆಂದು ನನ್ನ ತಲೆಗೆ ಹೊಳೆದಿರಲಿಲ್ಲ. ಅದಕ್ಕೆ ನನ್ನ ಮೇಲೆ ಬರಬೇಕಾದ ಸಿಟ್ಟು ಅವಳ ಮೇಲೆ ಬಂತು. ಒಂದು ಒಳ್ಳೆಯ ಮಾತು ಆಡದೆ ಬಸ್ಸಿಗೆ ಹೊರಟುಬಿಟ್ಟೆ.

ಹುಮನಾಬಾದಿನಲ್ಲಿ ಇಳಿಯುವುದನ್ನು ಮರೆತು ಮುಂದಿನ ನಿಲ್ದಾಣದವರೆಗೆ ಹೋದೆ. ಅಲ್ಲಿಂದ ಆಟೋದಲ್ಲಿ ವಾಪಸು. ಕಾಲೇಜಿನ ಗೇಟಿನಲ್ಲಿ ತೆಳ್ಳಗಿನ ನಾನು ಫ್ಲೆಕ್ಸಿನೊಳಗಿಂದ ನಗುತ್ತಿದ್ದೆ. ಪ್ರಾಚಾರ್ಯರು ಕರೆದು, ಸಮ್ಮೇಳನ ಮುಗಿದ ಮೇಲೆ ಸನ್ಮಾನ ಇಟ್ಟಿದ್ದೇವೆ ಎಂದರು. ಹೂಂ ಎಂದೆ. ಪರೀಕ್ಷೆ ಕೋಣೆಯಲ್ಲಿ ಸಾಲುಗಳ ನಡುವೆ ನಾನು ಎಷ್ಟು ಸಲ ಸುತ್ತಿದೆನೆಂದರೆ ಒಬ್ಬ ಹುಡುಗಿ ಎದ್ದು, "ಮೇಡಂ, ನೀವು ಕೂಡ್ರಿ, ನಮಗ ಬರ್ಯಾಕ ಆಗವಲ್ದು" ಎಂದು ಬೇಡಿಕೊಂಡಳು.

ಮನೆಯವರಿಗೆ ಎಲ್ಲ ಹೇಳಿದೆ. ಅವರು ಶಾಂತ ಮನುಷ್ಯ, ಸೈಕಲ್ ಅಂಗಡಿಯಲ್ಲಿ ಇಡೀ ದಿನ ಪಂಕ್ಚರ್ ನೋಡಿ ಸಮಾಧಾನ ಕಲಿತವರು.

"ಆ ಒಂದು ಸ್ಲೈಡ್ ತೆಗೆದು ಬಿಡು. ಉಳಿದ ಚೂರುಗಳು ಅದಾವಲ್ಲ, ಅವುಗಳ ಮ್ಯಾಲ ಮಾತಾಡು. ಕೊರಿಯಾದಾಗ ಕುಂತವರಿಗೆ ಘಾಟಬೋರಾಳದ್ದು ಏನು ಮಾಲೂಮ್ ಆಗ್ತದ? ಸುಮ್ನ ಫಿಕರ್ ಮಾಡಬ್ಯಾಡ."

ಅದು ಸುಳ್ಳಲ್ಲ, ಬರೀ ಹೇಳದೆ ಬಿಡುವುದು ಎಂದು ನಾನೂ ಅಂದುಕೊಂಡೆ. ಸ್ಲೈಡ್ ತೆಗೆದೆ, ಮತ್ತೆ ಹಾಕಿದೆ, ಮತ್ತೆ ತೆಗೆದೆ. ನಾಚಿಕೆಯಾಗುತ್ತಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ಆದರೆ ನಾಚಿಕೆಗಿಂತ ಆಸೆ ದೊಡ್ಡದಿತ್ತು. ಇಷ್ಟು ವರ್ಷ ಕಾದು ಸಿಕ್ಕ ಹದಿನೈದು ನಿಮಿಷವನ್ನು ಒಂದು ಕುಂಟಬಿಲ್ಲೆಗೆ ಬಲಿ ಕೊಡಲು ಮನಸ್ಸಿರಲಿಲ್ಲ.

ಗೋಷ್ಠಿ ಅಲ್ಲಿಯ ಹನ್ನೊಂದಕ್ಕೆ, ನಮ್ಮಲ್ಲಿ ಬೆಳಗಿನ ಏಳೂವರೆಗೆ. ಆರಕ್ಕೇ ರೇಷ್ಮೆ ಸೀರೆ ಉಟ್ಟು ಕೂತೆ, ಎದ್ದೆ, ಕೂತೆ. ಪರದೆಯ ಮೇಲೆ ದೂರದ ಸಭಾಂಗಣ ಕಂಡಿತು. ಕತ್ತಿಗೆ ಗುರುತಿನ ಚೀಟಿ ಹಾಕಿಕೊಂಡ ಜನ, ಉದ್ದ ಮೇಜು, ನೀರಿನ ಬಾಟಲಿ. ಅಧ್ಯಕ್ಷತೆ ಜಪಾನಿನ ಒಬ್ಬ ಹಿರಿಯ ವಿದ್ವಾಂಸೆಯದು, ಬೆಳ್ಳಿಗೂದಲು, ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ನನಗಿಂತ ಮುಂಚೆ ಒಬ್ಬರು ಸಮುದ್ರದಲ್ಲಿ ಮುಳುಗಿದ ಹಡಗಿನ ಬಟ್ಟಲುಗಳ ಬಗ್ಗೆ ಮಾತಾಡಿದರು. ಒಂದು ಮಾತೂ ತಲೆಗೆ ಹೋಗಲಿಲ್ಲ.

ನನ್ನ ಹದಿನೈದು ನಿಮಿಷ ಸುಸೂತ್ರವಾಗಿ ಮುಗಿಯಿತು. ಕರೆಂಟು ಹೋಗಲಿಲ್ಲ, ಇಂಗ್ಲಿಷ್ ತಡವರಿಸಲಿಲ್ಲ, ಬಿಲ್ಲೆಯ ಸುದ್ದಿ ಎತ್ತಲಿಲ್ಲ. ಚಪ್ಪಾಳೆಯೂ ಬಿತ್ತು. ಬಾಗಿಲಲ್ಲಿ ನಿಂತ ಮನೆಯವರು ಹೆಬ್ಬೆರಳು ಎತ್ತಿ ತೋರಿಸಿದರು.

ಆಗ ಅಧ್ಯಕ್ಷೆ ಕನ್ನಡಕ ಏರಿಸಿಕೊಂಡು, ಮುಂದಿದ್ದ ಹಾಳೆ ನೋಡುತ್ತಾ ಕೇಳಿದರು. "ಸಾರಾಂಶದಲ್ಲಿ ನೀವು ಮೂರು ಗೆರೆಯ ದುಂಡು ಚೂರಿನ ಬಗ್ಗೆ ಬರೆದಿದ್ದಿರಿ. ನಾನು ಅದಕ್ಕಾಗಿಯೇ ಕಾಯುತ್ತಿದ್ದೆ. ಅದನ್ನು ಯಾಕೆ ಬಿಟ್ಟಿರಿ?"

ಸಮಯ ಸಾಲಲಿಲ್ಲ ಎನ್ನಬಹುದಿತ್ತು. ಬಾಯಿ ತುದಿಗೆ ಬಂದಿತ್ತು ಕೂಡ. ಆದರೆ ಆ ಹೆಂಗಸು ನಿಜಕ್ಕೂ ಕಾಯುತ್ತಿದ್ದರು, ಅವರ ಮುಖ ನೋಡಿ ಸುಳ್ಳು ಹೊರಡಲಿಲ್ಲ. ನನ್ನ ಓದು ತಪ್ಪು ಎಂದೆ. ಚೂರು ಹಳೆಯದು, ಅದನ್ನು ತಿಕ್ಕಿ ದುಂಡಗೆ ಮಾಡಿದವಳು ಇನ್ನೂ ಬದುಕಿದ್ದಾಳೆ, ನಮ್ಮ ಹೊಲದಲ್ಲೇ ಕೆಲಸ ಮಾಡುತ್ತಾಳೆ, ಇದು ನನಗೆ ಮೂರು ದಿನದ ಹಿಂದೆ ಗೊತ್ತಾಯಿತು, ಮುಚ್ಚಿಡಲು ನೋಡಿದೆ ಎಂದೂ ಹೇಳಿಬಿಟ್ಟೆ. ಹೊಸ್ತಿಲ ಕಲ್ಲು, ಒಂದು ಬೇಸಿಗೆ, ದೊಡ್ಡವಳಾದ ದಿನ ಗೆಳತಿಯರು ಬೆನ್ನು ಮಾಡಿ ಎಸೆದದ್ದು, ಎರಡು ಸಲ ಕದ್ದು ಹುಡುಕಿದ್ದು, ಎಲ್ಲ ಹೇಳಿದೆ. ಸಭಾಂಗಣದಲ್ಲಿ ನಗು ಕೇಳುತ್ತದೆಂದು ಕಾದೆ. ಯಾರೂ ನಗಲಿಲ್ಲ.

"ನನ್ನ ಜೀವಮಾನದಲ್ಲಿ ಇಂಥ ದುಂಡು ಚೂರುಗಳನ್ನು ಲೆಕ್ಕವಿಲ್ಲದಷ್ಟು ಕೈಯಲ್ಲಿ ಹಿಡಿದಿದ್ದೇನೆ" ಎಂದರು ಅಧ್ಯಕ್ಷೆ. "ಒಂದನ್ನೂ ಯಾರು ಮಾಡಿದರೆಂದು ನನಗೆ ತಿಳಿದಿಲ್ಲ. ದಯವಿಟ್ಟು ಇದನ್ನೇ ಬರೆಯಿರಿ. ನಾವು ಗೋಷ್ಠಿಯ ಟಿಪ್ಪಣಿಯಲ್ಲಿ ಸೇರಿಸುತ್ತೇವೆ. ಮಾಡಿದವರ ಹೆಸರೇನು?"

"ಹುಲಸೂರದಾಕಿ" ಎಂದೆ, ಯೋಚನೆಯೇ ಇಲ್ಲದೆ.

ಅವರು ಪೆನ್ನು ತೆಗೆದರು. ನಿಧಾನವಾಗಿ, ತುಂಡುತುಂಡಾಗಿ, ತಪ್ಪಾಗಬಾರದೆಂದು ತುಟಿ ಜೋಡಿಸಿ ಅದನ್ನು ಉಚ್ಚರಿಸುತ್ತಾ ಬರೆಯತೊಡಗಿದರು. ಸರಿಯೇ ಎಂದು ನನ್ನತ್ತ ನೋಡಿದರು. ಗೆರೆಯ ಆಳ ಅಳೆದವಳು ನಾನು.

"ಬರೆಯಬೇಡಿ" ಎಂದೆ. "ಅದು ಅವಳ ಹೆಸರಲ್ಲ. ಅವಳ ಹೆಸರು ನನಗೆ ಗೊತ್ತಿಲ್ಲ."

ಅದೇ ರೇಷ್ಮೆ ಸೀರೆಯಲ್ಲಿ ಬಸ್ಸು ಹಿಡಿದೆ. ಅಂದು ಸೀಟು ಬದಲಿಸಲಿಲ್ಲ, ಕೂರಲೇ ಇಲ್ಲ, ಘಾಟಬೋರಾಳದವರೆಗೆ ಬಾಗಿಲ ಕಂಬಿ ಹಿಡಿದು ನಿಂತೇ ಹೋದೆ. ಅವಳು ತೊಗರಿ ಸಾಲಿನ ಕೊನೆಯಲ್ಲಿದ್ದಳು. ಬಿಲ್ಲೆಯನ್ನು ಅವಳ ಅಂಗೈಯಲ್ಲಿಟ್ಟೆ. ಅವಳು ಅದನ್ನು ಹೊರಳಿಸಿ ಸೊಟ್ಟ ಗೆರೆಯ ಮೇಲೆ ಉಗುರು ಆಡಿಸಿದಳು.

"ನಿನ್ನ ಹೆಸರೇನವ್ವಾ?" ಎಂದು ಕೇಳಿದೆ.

ಅವಳ ಮುಖದ ನಗು ಹಾರಿಹೋಯಿತು. ಬಿಲ್ಲೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಗಾಬರಿಯಿಂದ ನನ್ನನ್ನು ನೋಡಿದಳು.

"ಹೆಸರು ಯಾಕ್ರಿ ಅಕ್ಕೋರ, ರೇಷನ್ ಕಾರ್ಡಿನ್ಯಾಗ ಏನರ ಬಂದ್ ಆತೇನ್ರಿ?"