ದಕ್ಷನನ್ನು ಬಿಟ್ಟು ಬಂದ ರಾತ್ರಿ

ಇದನ್ನು ಕೇಳಿ ನಕ್ಕವರಿದ್ದಾರೆ. ನಗಲಿ. ಆ ರಾತ್ರಿ ಗಾಡಿಯಲ್ಲಿ ಇದ್ದವನು ನಾನು, ಅವರಲ್ಲ.

ನ್ಯಾಮತಿ ಹತ್ತಿರ ನಮ್ಮೂರು. ಲಗೇಜ್ ಆಟೋ ಓಡಿಸುತ್ತೇನೆ. ನಮ್ಮ ವೀರಭದ್ರ ದೇವರ ಹಿತ್ತಾಳೆ ಮೂರ್ತಿ ಪಾಲಿಷ್‌ಗೆಂದು ಹೊನ್ನಾಳಿಯ ಕಂಚುಗಾರನ ಹತ್ತಿರ ಇತ್ತು. ತರಲು ನನ್ನನ್ನು ಕಳಿಸಿದರು.

ಹೊರಡುವಾಗ ಗುಡಿಯ ಅಯ್ನೋರು ಕೂಗಿದರು. “ಲೇ, ಜೊತಿಗೆ ಗೇಣುದ್ದ ದಕ್ಷನ ಮೂರ್ತೀನೂ ಐತೆ. ಕುರಿ ತಲೆಯೋನು, ಕೈ ಮುಗ್ದಿರೋನು. ಬಿಟ್ಟು ಬಂದೀಯ! ವೀರಭದ್ರ ಅಂದ್ರೆ ಶಿವನ ಸಿಟ್ಟು. ದಕ್ಷ ಅಂದ್ರೆ ಅದರ ಮುಂದೆ ತಪ್ಪಾತು ಅಂದೋನು. ಅವನಿಲ್ದೆ ಆ ಸಿಟ್ಟನ್ನ ದಾರಿ ಮ್ಯಾಲೆ ತರಬಾರದು.”

ಕಥೆ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ದಕ್ಷ ತನ್ನ ಯಜ್ಞಕ್ಕೆ ಅಳಿಯ ಶಿವನನ್ನು ಕರೆಯಲಿಲ್ಲ. ಕರೆಯದಿದ್ದರೂ ಹೋದ ಮಗಳು ಅವಮಾನ ತಾಳದೆ ಬೆಂಕಿಗೆ ಬಿದ್ದಳು. ಶಿವನ ಜಡೆಯಿಂದ ವೀರಭದ್ರ ಎದ್ದು ಮಾವ ದಕ್ಷನ ತಲೆ ಕಡಿದ. ಆಮೇಲೆ ಕುರಿ ತಲೆ ಕೂಡಿಸಿದರು.

ಅವತ್ತೇ ಸಂಜೆ ಬಸವಾಪಟ್ಟಣದಲ್ಲಿ ನನ್ನ ಮಾವನ ಹೊಸ ಮನೆಯಲ್ಲಿ ಹೋಮ. ಊರಿಗೆಲ್ಲ ಕರೆ ಕೊಟ್ಟಿದ್ದ, ನಮಗಿಲ್ಲ. “ಅಪ್ಪನ ಮನಿಗೆ ಹೋಗಾಕೆ ಕರೆ ಯಾಕ್ರೀ ಬೇಕು?” ಎಂದು ಹೆಂಡತಿ ಶೈಲಾ ಒಬ್ಬಳೇ ಹೋದಳು.

ನಾನು ಕಂಚುಗಾರನ ಅಂಗಡಿಯಲ್ಲಿದ್ದಾಗ ಫೋನು. ಅಳುತ್ತಿದ್ದಳು. “ಎಲ್ಲರ ಮುಂದೆ ಅಪ್ಪ, ಆಟೋದೋನ ಹೆಂಡ್ತಿಗೆ ನಾಚಿಕೆ ಇಲ್ವಾ ಅಂದ್ರು ರೀ...”

ನನ್ನ ಮೈ ಉರಿಯಿತು. ಬೆಂಚಿನ ಮೇಲೆ ದಕ್ಷ ಕುಳಿತಿದ್ದ. ಆ ಕುರಿ ಮುಖದಲ್ಲಿ ಮಾವನೇ ಕಂಡ. “ಬಿದ್ದಿರು ಇಲ್ಲೇ” ಅಂದು, ವೀರಭದ್ರನನ್ನು ಮಾತ್ರ ಗೋಣಿಚೀಲದಲ್ಲಿ ಸುತ್ತಿಕೊಂಡು ಹೊರಟೆ. ಮರೆತಿದ್ದಲ್ಲ. ಬೇಕೆಂದೇ ಬಿಟ್ಟೆ.

ಹೊನ್ನಾಳಿ ದಾಟಿದೆ. ಕತ್ತಲು. ತುಪ್ಪ ಸುಟ್ಟ ವಾಸನೆ ಬಂತು... ಆಮೇಲೆ ಕೂದಲು ಸುಟ್ಟ ವಾಸನೆ.

ನಿಲ್ಲಿಸಿ ನೋಡಿದೆ. ಇಂಜಿನ್ ಸರಿ ಇತ್ತು. ಗೋಣಿ ಮುಟ್ಟಿದೆ... ಕೈ ಚುರ್ ಅಂದಿತು. ಹಿತ್ತಾಳೆ ಒಲೆಯಿಂದ ತೆಗೆದ ಹಾಗೆ ಕಾದಿತ್ತು.

ಅಲ್ಲಿ ಮಾವನ ಮನೆಯಲ್ಲಿ ಹೋಮದ ಬೆಂಕಿ. ಪಕ್ಕದಲ್ಲಿ ಶೈಲಾ...

ಅವಳಿಗೆ ಫೋನ್ ಮಾಡಿದೆ. ಎತ್ತಿದಳು. ಅವಳ ಹಿಂದೆ ಒಂದು ಕುರಿ ಕಿರುಚುತ್ತಿತ್ತು.

“ನೀ ಹುಷಾರಿದಿಯೇನೇ? ಬೆಂಕಿಯಿಂದ ದೂರ ಸರಿ!”

“ನಂಗೇನಾಗಿಲ್ಲ ರೀ... ಅಪ್ಪ ಕುತ್ತಿಗೆ ಹಿಡ್ಕಂಡು ಬಿದ್ರು...”

“ಆ ಕುರಿ ಯಾವುದೇ?”

ಅವಳು ದನಿ ತಗ್ಗಿಸಿದಳು.

“ಕುರಿ ಇಲ್ಲ ರೀ... ಅದು ಅಪ್ಪ.”

ಗಾಡಿ ತಿರುಗಿಸಿದೆ. ಕಂಚುಗಾರನ ಬಾಗಿಲು ಬಡಿದು ದಕ್ಷನನ್ನು ತಂದು ವೀರಭದ್ರನ ಮುಂದಿಟ್ಟೆ. “ತಪ್ಪಾತಪ್ಪಾ, ತಪ್ಪು ನಂದು” ಅಂದೆ. ನೋಡುತ್ತಿದ್ದ ಹಾಗೇ ಹಿತ್ತಾಳೆ ತಣ್ಣಗಾಯಿತು. ಫೋನ್ ಬಂತು. “ಅಪ್ಪ ನೀರು ಕೇಳಿದ್ರು ರೀ.”

ಬಿಪಿ ಅಂದರು ಡಾಕ್ಟರು. ಇರಬಹುದು.

ಆಗ ನಾನು ಮಾಡಿದ್ದನ್ನು ಯಾರಿಗೂ ಹೇಳಲಿಲ್ಲ, ಶೈಲಾಗೂ ಇಲ್ಲ. ವಾರದ ಮೇಲೆ ಮಾವನನ್ನು ನೋಡಲು ಹೋದೆ. ಎಂದೂ ಇಲ್ಲದವನು ಎದ್ದು ನಿಂತು ಎದೆಯ ಹತ್ತಿರ ಕೈ ಮುಗಿದ. ಶೈಲಾ ಕಾಫಿಗೆ ಒಳಗೆ ಹೋದಳು. ಆಗ ಕಿವಿಯ ಹತ್ತಿರ ಬಂದ. ಗಂಟಲು ಇನ್ನೂ ಕೀರಲು.

“ಅವತ್ತು ನನ್ನನ್ನ ಆ ಬೆಂಚಿನ ಮ್ಯಾಲೆ ಬಿಟ್ಟು ಹೋದ್ಯಲ್ಲಪ್ಪಾ...”